ತಡೆದು ಬೀಳುವ ಪೆಟ್ಟು

ಅದು ಶುರುವಾದದ್ದು ಈಸ್ಟರ್ ಮಾರನೆಯ ಸೋಮವಾರ, ಹೊತ್ತು ಕಡಲಿಗೆ ಇಳಿಯುವ ವೇಳೆಯಲ್ಲಿ. ಬೇಸಿಗೆ ಇನ್ನೂ ಬಿಟ್ಟಿರಲಿಲ್ಲ, ಕಬ್ಬಿನ ಕಟಾವೂ ಮುಗಿದಿರಲಿಲ್ಲ. ನಮ್ಮ ದ್ವೀಪದ ಪೋರ್-ಲೂಯಿಯ ಮಂದಿ ಬೆಳಗಿನಿಂದ ಏಡಿ ಅನ್ನದ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕಡಲ ದಂಡೆಯಲ್ಲೇ ಕೂತಿದ್ದರು. ಸಿದೋನಿ ಮರದಡಿ ಡಬ್ಬಿಯ ಹಿಡಿ ತಿರುಗಿಸಿ ತಿರುಗಿಸಿ ತೆಂಗಿನಹಾಲಿನ ಐಸ್‌ಕ್ರೀಮು ಮಾಡಿ ಮಾರಿ, ಸಂಜೆಗೆ ಡಬ್ಬಿ ತೊಳೆದಿಟ್ಟು, ಪಾದಕ್ಕೆ ಅಂಟಿದ ಮರಳು ಕೊಡವಿಕೊಂಡು ಡೋಲು ಬಾರಿಸುವ ಮುದುಕ ಸಿಲ್ವೇರನ ಅಂಗಳಕ್ಕೆ ಬಂದಳು. ಅಲ್ಲಿ ಆಗಲೇ ಡೋಲುಗಳನ್ನು ಬಿಸಿಲಿಗಿಟ್ಟು ಚರ್ಮ ಬಿಗಿ ಮಾಡಿ ತಂದಿಟ್ಟಿದ್ದರು.

ಡೋಲು ಎರಡು ಬಗೆ. ಅಡ್ಡ ಮಲಗಿಸಿ ಅದರ ಮೇಲೆ ಕೂತು ಬಾರಿಸುವ ಬೂಲಾ, ಅದಕ್ಕೆ ಹೋತದ ಚರ್ಮ. ಶುರುವಿನಿಂದ ಕೊನೆಯವರೆಗೆ ಒಂದೇ ತಾಳ ಹಿಡಿದು ನಡೆಯುವುದು ಅದರ ಕೆಲಸ. ಕಾಲ ನಡುವೆ ನೆಟ್ಟಗೆ ನಿಲ್ಲಿಸಿಕೊಳ್ಳುವ ಸಣ್ಣದು ಮಾಕೆ, ಅದಕ್ಕೆ ಹೆಣ್ಣಾಡಿನ ಚರ್ಮ. ಮಾಕೆಗೆ ಸ್ವಂತದ ದಾರಿ ಅಂತ ಇಲ್ಲ. ಎದುರಿಗೆ ಕುಣಿಯುವವರ ಕಾಲು ಎಲ್ಲಿ ಬೀಳುತ್ತದೋ ಅಲ್ಲೇ ಅದರ ಪೆಟ್ಟು ಬೀಳಬೇಕು. ಕುಣಿಯುವವರು ಎಡವಿದರೆ ಅದೂ ಎಡವಬೇಕು. ಪೋರ್-ಲೂಯಿಯಲ್ಲಿ ಬೂಲಾ ಅಂದರೆ ಸಿಲ್ವೇರ್. ಮಾಕೆ ಅಂದರೆ ಫುಲ್ಬೇರ್, ಸಿದೋನಿಯ ತಮ್ಮ. ಕುಣಿತ ಅಂದರೆ ಸಿದೋನಿ.

ಅವತ್ತು ಅವಳು ವೃತ್ತದೊಳಗೆ ಬಂದು, ಡೋಲಿಗೆ ತಲೆಬಾಗಿ, ಲಂಗದ ತುದಿ ಎತ್ತಿ ಹಿಡಿದಳು. ಐವತ್ತು ದಾಟಿದ ಹೆಂಗಸು. ಕಾಲು ಎತ್ತಿದಳು, ತಡೆದಳು, ಇಟ್ಟಳು. ಆ ತಡೆಯುವ ಅರೆಗಳಿಗೆಯಲ್ಲಿ ಊರೇ ಉಸಿರು ಹಿಡಿಯುತ್ತಿತ್ತು. ಕಾಲು ನೆಲ ಮುಟ್ಟುವಾಗ ಫುಲ್ಬೇರನ ಪೆಟ್ಟು ಅದರಡಿಯಲ್ಲಿ ಸಿದ್ಧವಾಗಿರುತ್ತಿತ್ತು.

"ಸಿದೋನಕ್ಕಾ, ಮೆಲ್ಲಗೆ ಕೊಲ್ಲಬೇಡ, ಒಂದೇ ಸಲ ಕೊಂದುಬಿಡು" ಅಂತ ಯಾರೋ ಕೂಗಿದರು.

"ನಿನ್ನನ್ನು ಕೊಲ್ಲಕ್ಕೆ ನಿನ್ನ ಹೆಂಡತಿ ಇದ್ದಾಳಲ್ಲ, ನಾನ್ಯಾಕೆ" ಅಂದಳು ಕುಣಿಯುತ್ತಲೇ.

ಗುಂಪಿನ ಹಿಂದೆ ಗೋಡೆಗೆ ಒರಗಿ ಒಬ್ಬ ನಿಂತಿದ್ದ. ಹೆಸರು ಜೋಸ್ಲೆನ್. ಈ ದ್ವೀಪದವನೇ, ಅಬೀಮ್ ಊರಿನವನು. ಪ್ಯಾರಿಸ್ಸಿನಲ್ಲಿ ವರ್ಷಗಟ್ಟಲೆ ಸ್ಯಾಕ್ಸೋಫೋನಿನಲ್ಲಿ ಜಾಝ್ ನುಡಿಸಿಕೊಂಡಿದ್ದು ಆಗಷ್ಟೇ ವಾಪಸು ಬಂದಿದ್ದ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಸಂಗೀತದವರಿಗೆ ಅದು ಅಭ್ಯಾಸ. ಹಾಗಾಗಿ ಪೆಟ್ಟು ಕೇಳಿಸಿತೇ ಹೊರತು ಕಾಲು ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಮನೆ ಹುಡುಕಿಕೊಂಡು ಬಂದ. ಸಿದೋನಿ ಒಲೆಯ ಮುಂದೆ ಉಪ್ಪುಮೀನಿನ ವಡೆ ಕರಿಯುತ್ತಿದ್ದಳು. ಫುಲ್ಬೇರ್ ಹೊಸ್ತಿಲ ಮೇಲೆ ಕೂತು ಬಲೆ ಹೊಲಿಯುತ್ತಿದ್ದ. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಅವನಿಗೆ ಕಡಲೇ ಗತಿಯಾಗಿತ್ತು.

"ಅಣ್ಣಾ, ಆ ಪೆಟ್ಟು ಎಲ್ಲಿ ಕಲಿತೆ?" ಅಂದ ಜೋಸ್ಲೆನ್.

"ಯಾವ ಪೆಟ್ಟು?"

"ಬಂದೇಬಿಡ್ತು ಅನ್ನೋವಾಗ ತಡೀತದಲ್ಲ, ಆಮೇಲೆ ಬೀಳ್ತದಲ್ಲ, ಅದು. ಪ್ಯಾರಿಸ್ಸಲ್ಲಿ ದೊಡ್ಡ ದೊಡ್ಡ ಡ್ರಮ್ಮಿನವರು ಹಂಗೆ ಹೊಡೆಯಕ್ಕೆ ತಲೆ ಚಚ್ಕೋತಾರೆ. ಬರಲ್ಲ."

ಫುಲ್ಬೇರ್ ಬಲೆಯ ಗಂಟಿನಿಂದ ಕಣ್ಣೆತ್ತಲಿಲ್ಲ. "ಅದು ಹಂಗೇ ಬರ್ತದೆ" ಅಂದ.

"ಹಂಗೇ ಎಲ್ಲಿ ಬರ್ತದೆ? ನನ್ನ ಕಾಲಿಂದ ಕಲಿತೆ ಅಂತ ಬಾಯಿಬಿಟ್ಟು ಹೇಳೋ" ಅಂತ ಸಿದೋನಿ ನಕ್ಕಳು. ನಕ್ಕು, ಬಂದವನ ಕೈಗೆ ಎರಡು ವಡೆ ಇಟ್ಟಳು.

ಅವಳ ಮಾತು ಸುಳ್ಳಲ್ಲ. ತಾಯಿ ಸತ್ತಾಗ ಸಿದೋನಿಗೆ ಮದುವೆಯ ವಯಸ್ಸು, ಫುಲ್ಬೇರ್ ಇನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲಾರದ ಮಗು. ಅವಳು ಅಂಗಳ ಗುಡಿಸುವಾಗ ಅವನು ಬೋರಲು ಡಬ್ಬದ ಮೇಲೆ ಅವಳ ಹೆಜ್ಜೆಗೊಂದು ಪೆಟ್ಟು ಹಾಕುತ್ತಿದ್ದ. ಅವಳು ಬೇಕೆಂದೇ ನಿಲ್ಲುತ್ತಿದ್ದಳು, ಬೇಕೆಂದೇ ಓಡುತ್ತಿದ್ದಳು. ತಪ್ಪಿದರೆ ಪೊರಕೆಯಲ್ಲಿ ಮೆಲ್ಲಗೆ ತಲೆಗೊಂದು. "ಮುಖ ನೋಡಬೇಡ, ಕಾಲು ನೋಡು" ಅನ್ನುತ್ತಿದ್ದಳು. ಮರಿಗಲಾಂತ್ ದ್ವೀಪದ ಬಡಗಿಯೊಬ್ಬ ಅವಳನ್ನು ಕೇಳಿಕೊಂಡು ಬಂದಿದ್ದ. ಅವನಿಗೆ ಹೆಂಡತಿ ಬೇಕಿತ್ತು, ಹೆಂಡತಿಯ ತಮ್ಮ ಬೇಕಿರಲಿಲ್ಲ. ಅವನು ಹೋದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಫುಲ್ಬೇರನೂ ಯಾರನ್ನೂ ಕಟ್ಟಿಕೊಳ್ಳಲಿಲ್ಲ.

ಜೋಸ್ಲೆನ್ ಕೇಳಿದ್ದು ಇಷ್ಟು. ತನ್ನ ಸ್ಯಾಕ್ಸೋಫೋನು, ಒಂದು ಪಿಯಾನೊ, ಒಂದು ದೊಡ್ಡ ಬಾಸು ಪಿಟೀಲು, ಜೊತೆಗೆ ಈ ಮಾಕೆ, ಸಿಲ್ವೇರನ ಬೂಲಾ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ ಹಬ್ಬದ ಹಿಂದಿನ ಸಂಜೆ ಲಪ್ವೆಂತ್ ಪಟ್ಟಣದ ಸಭಾಂಗಣದಲ್ಲಿ ಕಛೇರಿ. ಅದು ಸರಿಹೋದರೆ ಪ್ಯಾರಿಸ್ಸಿಗೆ ಹೋಗಿ ರೆಕಾರ್ಡು, ಅಲ್ಲೇ ವರ್ಷವಿಡೀ ಊರೂರು ತಿರುಗುವುದು.

"ಅಕ್ಕ ಬಂದರೆ ಬರ್ತೀನಿ" ಅಂದ ಫುಲ್ಬೇರ್.

"ಪಾಪ, ಸೆರಗು ಹಿಡ್ಕೊಂಡೇ ಬರ್ತಾನೆ" ಅಂದಳು ಸಿದೋನಿ. ಆದರೆ ಅವಳಿಗೆ ಒಳಗೊಳಗೇ ಹಿಗ್ಗು.

ಅಬೀಮಿನಲ್ಲಿ ಜೋಸ್ಲೆನನ ತಾಯಿಯ ಮನೆ, ಅದರ ಪಕ್ಕದ ಕಾರು ನಿಲ್ಲಿಸುವ ಕೊಠಡಿಯಲ್ಲಿ ಅಭ್ಯಾಸ. ಸಿದೋನಿ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಜೊತೆಗೆ ಹೋಗಿ, ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಮೊದಮೊದಲು ಏನೂ ಕೂಡಿಬರಲಿಲ್ಲ. ಪಿಯಾನೊ ಒಂದು ಕಡೆ, ಸ್ಯಾಕ್ಸೋಫೋನು ಒಂದು ಕಡೆ, ಮಾಕೆ ಎಲ್ಲೋ ಬೇರೆಯೇ ಊರಿನಲ್ಲಿ. ಜೋಸ್ಲೆನ್ ನಿಲ್ಲಿಸಿ ನಿಲ್ಲಿಸಿ ಸುಸ್ತಾದ.

"ಅಣ್ಣಾ, ನಾನು ಇಲ್ಲಿದ್ದೀನಿ. ನೀನು ಯಾರ ಹಿಂದೆ ಹೋಗ್ತಾ ಇದ್ದೀಯ?"

ಬಾಸು ಪಿಟೀಲಿನವನು ದಪ್ಪ ಆಳು, ಬಾಯಿ ಸುಮ್ಮನಿರದು. "ನಾ ಹೇಳ್ತೀನಿ ಕೇಳು. ಅಕ್ಕ ಕಾಲಾಡಿಸಿದ್ರೆ ಇವನು ಬಾರಿಸ್ತಾನೆ. ಈಗ ಸೊಳ್ಳೆ ಅಂತ ಪಾದ ಒದರಿದ್ರಲ್ಲ, ಅದಕ್ಕೂ ಒಂದು ಪೆಟ್ಟು ಹಾಕಿದ."

ಎಲ್ಲರೂ ನಕ್ಕರು, ಸಿದೋನಿಯೂ ನಕ್ಕಳು. ಅದು ನಿಜವೇ ಆಗಿತ್ತು. ಮಾಕೆಯವನ ಕಣ್ಣೆದುರು ಕುಣಿದು ಪಳಗಿದ ಕಾಲೊಂದಿದ್ದರೆ ಅವನ ಕೈ ಬೇರೆ ಯಾರ ಮಾತೂ ಕೇಳುವುದಿಲ್ಲ.

"ಅಕ್ಕಾವ್ರೇ, ತಪ್ಪು ತಿಳ್ಕೋಬೇಡಿ" ಅಂದ ಜೋಸ್ಲೆನ್. "ಸ್ವಲ್ಪ ಹೊತ್ತು ನಮ್ಮಮ್ಮನ ಜೊತೆ ಹಿತ್ತಲಲ್ಲಿ ಕೂತ್ಕೋತೀರಾ?"

"ಕೂತ್ಕೋತೀನಪ್ಪ. ನನ್ನ ಕಾಲು ಇಷ್ಟು ತೊಂದರೆ ಕೊಡ್ತದೆ ಅಂತ ಗೊತ್ತಿದ್ರೆ ಮನೇಲೇ ಬಿಟ್ಟು ಬರ್ತಿದ್ದೆ."

ಹಿತ್ತಲಲ್ಲಿ ಜೋಸ್ಲೆನನ ತಾಯಿ ಮೊರದಲ್ಲಿ ತೊಗರಿಕಾಯಿ ಸುಲಿಯುತ್ತಿದ್ದಳು. ಸಿದೋನಿ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಒಳಗೆ ಸಿಲ್ವೇರ್ ಬೂಲಾ ಎತ್ತಿಕೊಂಡ. ಪಿಯಾನೊ ಬಂತು. ಸ್ಯಾಕ್ಸೋಫೋನು ಏನೋ ಒಂದು ಕೇಳಿತು, ನೋವು ತಿಂದವನು ಅರ್ಧ ಹೇಳಿ ಬಿಟ್ಟ ಮಾತಿನ ಹಾಗೆ. ಮಾಕೆ ಸುಮ್ಮನಿತ್ತು. ಸ್ಯಾಕ್ಸೋಫೋನು ಮತ್ತೆ ಕೇಳಿತು. ಆಗ ಮಾಕೆ ಉತ್ತರ ಕೊಟ್ಟಿತು. ಸಿದೋನಿಯ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಇವನು ತನ್ನ ಫುಲ್ಬೇರನೇ ಏನು? ಇಷ್ಟು ದಿನ ಇವನು ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದ? ಅವಳ ಮೈ ಜುಮ್ಮೆಂದಿತು. ಎದ್ದು ಚಪ್ಪಲಿ ಬಿಟ್ಟಳು.

"ಕುಣೀರಿ ಕುಣೀರಿ, ನನ್ನ ಬಿಟ್ರೆ ಕೋಳಿಗಳು ನೋಡ್ತವೆ ಅಷ್ಟೆ" ಅಂದಳು ಮುದುಕಿ.

ಸಿದೋನಿ ಎಡಗಾಲು ಎತ್ತಿದಳು. ಇಡುವ ಮೊದಲೇ ಪೆಟ್ಟು ಬಿದ್ದು ಹೋಗಿತ್ತು.

ತಮ್ಮ ಅವಸರ ಮಾಡುತ್ತಿದ್ದಾನೆ ಅಂದುಕೊಂಡಳು. ಬಲಗಾಲಿಗೆ ಸರಿಹೋಯಿತು. ಎಡಗಾಲು ಎತ್ತಿದಳು, ಮತ್ತೆ ಪೆಟ್ಟು ಅವಳನ್ನು ಬಿಟ್ಟು ಮುಂದೆ ಹೋಯಿತು. ನಿಂತು ಬೂಲಾಕ್ಕೆ ಕಿವಿಗೊಟ್ಟಳು. ಸಿಲ್ವೇರನ ಬೂಲಾ ಗಡಿಯಾರದ ಹಾಗೆ, ಅದು ಓಡುವುದಿಲ್ಲ, ನಿಲ್ಲುವುದಿಲ್ಲ. ಮಾಕೆಯ ಪೆಟ್ಟು ಅದರ ಮೇಲೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು. ಅವಳು ಇನ್ನೊಮ್ಮೆ ಕಾಲೆತ್ತಿ ಈ ಸಲ ಕಣ್ಣು ಬಗ್ಗಿಸಿ ತನ್ನ ಕಾಲನ್ನೇ ನೋಡಿದಳು. ಮಂಡಿ ಮಡಚಿತು, ಅಲ್ಲೇ ಒಂದು ಕ್ಷಣ ಕಚ್ಚಿಕೊಂಡು ನಿಂತಿತು, ಆಮೇಲೆ ಬಿಟ್ಟುಕೊಟ್ಟಿತು.

ದೊಡ್ಡ ಬಿರುಗಾಳಿಯ ವರ್ಷ ಹಾರಿಹೋದ ತಗಡು ಜೋಡಿಸಲು ಮಾಡು ಹತ್ತಿ, ಜಾರಿ ಎಡಮಂಡಿಯ ಮೇಲೆ ಬಿದ್ದಿದ್ದಳು. ನೋವು ಆಗಾಗ ಬರುತ್ತಿತ್ತು, ಹೋಗುತ್ತಿತ್ತು. ಕುಣಿಯುವಾಗ ಮಾತ್ರ ಯಾವತ್ತೂ ಗೊತ್ತಾಗಿರಲಿಲ್ಲ. ಯಾಕೆ ಗೊತ್ತಾಗಿರಲಿಲ್ಲ ಅನ್ನುವುದು ಈಗ ಗೊತ್ತಾಯಿತು. ಅವಳ ಕಾಲು ತಡವಾಗುತ್ತಿತ್ತು, ಪೆಟ್ಟು ಕಾಯುತ್ತಿತ್ತು. ಊರು ಉಸಿರು ಹಿಡಿದು ನೋಡುತ್ತಿದ್ದದ್ದು ಅವಳ ಮಂಡಿ ಬಿಟ್ಟುಕೊಡುವುದನ್ನು.

ಅಷ್ಟರಲ್ಲಿ ಒಳಗೆ ಸ್ಯಾಕ್ಸೋಫೋನು ಒಂದು ಸ್ವರ ಹಿಡಿದು ಮೇಲಕ್ಕೆ ಎಳೆಯಿತು. ಅಲ್ಲಿ ಮಾಕೆಯ ಪೆಟ್ಟು ತಡೆಯಿತು, ಆಮೇಲೆ ಬಿತ್ತು. ಅದೇ ಪೆಟ್ಟು. ಅವಳ ಮಂಡಿಯಿಂದ ಕಲಿತದ್ದು. ಈಗ ಅದು ಬೇರೆಯವರು ಕರೆದಲ್ಲಿ ಹೋಗುತ್ತಿತ್ತು.

"ಮಂಡಿನಾ?" ಅಂದಳು ಮುದುಕಿ ಅವಳ ಮುಖ ನೋಡಿ. "ಕರ್ಪೂರ ಹಾಕಿದ ರಮ್ಮಿದೆ, ಉಜ್ಜಲಾ?"

"ಬೇಡಮ್ಮ" ಅಂದಳು ಸಿದೋನಿ. ಕೂತು ತೊಗರಿಕಾಯಿ ಸುಲಿಯತೊಡಗಿದಳು.

ಹೊರಗೆ ಬಂದ ಜೋಸ್ಲೆನನ ಮುಖ ಬೆವರಿನಲ್ಲಿ ಹೊಳೆಯುತ್ತಿತ್ತು. "ಇವತ್ತು ನಮ್ಮ ಜೊತೆ ಬಂದ ಅಕ್ಕಾವ್ರೇ. ಇವತ್ತು ಬಂದ" ಅಂದ. ಫುಲ್ಬೇರ್ ಅವನ ಹಿಂದೆ ನಿಂತು ನಾಚಿಕೆಯಿಂದ ನಗುತ್ತಿದ್ದ. ಅಂಥ ನಗು ಅವಳು ಅವನ ಮುಖದಲ್ಲಿ ಕಂಡು ಎಷ್ಟೋ ಕಾಲವಾಗಿತ್ತು.

ಬಸ್ಸಿನಲ್ಲಿ ಸಿಲ್ವೇರ್ ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಕಬ್ಬಿನ ಗದ್ದೆಗಳು ಎರಡೂ ಕಡೆ ಹಿಂದೆ ಹೋಗುತ್ತಿದ್ದವು, ಅಲ್ಲಲ್ಲಿ ಕೊಯ್ದು ಬೋಳಾದ ನೆಲ.

"ಯಾವಾಗಿಂದ?" ಅಂದಳು ಸಿದೋನಿ.

"ಏನು ಯಾವಾಗಿಂದ?"

"ನನ್ನ ಮಂಡಿಗೆ ಕಾಯೋದು."

ಫುಲ್ಬೇರ್ ಕಿಟಕಿಯ ಕಡೆ ತಿರುಗಿದ. "ನೀನು ಮಾಡಿಂದ ಬಿದ್ದೆಯಲ್ಲ, ಆವಾಗಿಂದ" ಅಂದ.

"ಯಾರ್‍ಯಾರಿಗೆ ಗೊತ್ತು?"

"ಸಿಲ್ವೇರಣ್ಣನಿಗೆ ಗೊತ್ತು. ಅವನು ತಾಳ ಹಿಡಿಯೋನು, ಅವನ ಹತ್ರ ಮುಚ್ಚಿಡಕ್ಕಾಗಲ್ಲ. ಊರೋರು ಅದನ್ನ ನಿನ್ನ ಸೊಗಸು ಅಂದ್ಕೊಂಡಿದ್ದಾರೆ."

"ನಾನೂ ಹಂಗೇ ಅಂದ್ಕೊಂಡಿದ್ದೆ."

"ಅಕ್ಕಾ, ಕಾಲು ಹೋದಲ್ಲಿ ಮಾಕೆ ಹೋಗಬೇಕು ಅಂತ ನೀನೇ ಹೇಳಿಕೊಟ್ಟಿದ್ದು."

"ಹೇಳಿಕೊಟ್ಟೆ. ಕುಂಟಿದರೆ ಕುಂಟು ಅಂತ ಹೇಳಿಕೊಟ್ಟಿದ್ದೆ. ಕುಂಟೋದನ್ನ ನನ್ನಿಂದಲೇ ಮುಚ್ಚಿಡು ಅಂತ ಹೇಳಿಕೊಟ್ಟಿರಲಿಲ್ಲ."

ಅವನು ಅವಳ ಕೈ ಮುಟ್ಟಲು ಬಂದ. ಅವಳು ಬುತ್ತಿಯ ಪಾತ್ರೆ ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಸಿಟ್ಟು ಅಂದರೆ ಸಿಟ್ಟಲ್ಲ. ತನ್ನದು ಅಂತ ಇದ್ದದ್ದು ಅದೊಂದೇ, ಅದೂ ತನ್ನದಾಗಿರಲಿಲ್ಲವಲ್ಲ ಅನ್ನುವ ಸಂಕಟ.

ಅಂದಿನಿಂದ ಸಿದೋನಿ ಅಬೀಮಿಗೆ ಹೋಗಲಿಲ್ಲ. ಸಿಲ್ವೇರನ ಅಂಗಳದಲ್ಲಿ ಡೋಲು ಎದ್ದ ಸಂಜೆಗಳಲ್ಲಿ ಹೊಟ್ಟೆನೋವು ಅಂದಳು, ತೆಂಗಿನಕಾಯಿ ತುರಿಯಬೇಕು ಅಂದಳು. ಒಂದು ಸಂಜೆ ಸಿಲ್ವೇರ್ ತಾನೇ ಮನೆಗೆ ಬಂದು ಬೇಲಿಯಾಚೆ ನಿಂತ.

"ಹೊಟ್ಟೆನೋವು ಮಂಡಿಗೆ ಇಳೀತಾ?" ಅಂದ.

"ಗೊತ್ತಿದ್ದೂ ಸುಮ್ಮನಿದ್ದೆಯಲ್ಲ ಮುದುಕ."

"ನನ್ನ ಕೆಲಸ ಬೂಲಾ ಬಾರಿಸೋದು. ಅಕ್ಕ ತಮ್ಮನ ನಡುವೆ ಬಾರಿಸೋದಲ್ಲ." ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಒಂದು ಮಾತು ಹೇಳಕ್ಕೆ ಬಂದೆ. ಅವನು ಪ್ಯಾರಿಸ್ಸಿಗೆ ಬರಲ್ಲ ಅಂದಿದ್ದಾನೆ ಜೋಸ್ಲೆನ್‌ಗೆ. ಅಕ್ಕನ್ನ ಮನೇಲಿ ಒಂಟಿ ಬಿಟ್ಟು ಬರಲ್ಲ ಅಂತ. ಕಛೇರಿ ಮುಗಿಸಿ ಬಲೆ ಹೊಲೀತೀನಿ ಅಂತಾನೆ. ಸಿದೋನಿ, ನಾನು ಐವತ್ತು ವರ್ಷ ಮಾಕೆಗಳ ಪಕ್ಕ ಕೂತಿದ್ದೀನಿ. ಅವನು ಅಲ್ಲಿ ಹೊಡೀತಿರೋ ಹಂಗೆ ಯಾರೂ ಹೊಡೆದದ್ದು ಕೇಳಿಲ್ಲ."

"ನಾನೂ ಕೇಳಿದ್ದೀನಿ" ಅಂದಳು.

"ಒಂದೇ ಗೂಟಕ್ಕೆ ಕಟ್ಟಿದ ಎರಡು ಮೇಕೆ ನೀವು. ಹಗ್ಗ ಸುತ್ಕೊಂಡು ಸುತ್ಕೊಂಡು ಕುತ್ತಿಗೆಗೆ ಬಂದಿದೆ" ಅಂತ ಹೇಳಿ ಹೋದ.

ಪೆಂತೆಕೋಸ್ತದ ಹಿಂದಿನ ಸಂಜೆ ಪೋರ್-ಲೂಯಿಯಿಂದ ಒಂದು ಬಸ್ಸು ತುಂಬ ಜನ ಲಪ್ವೆಂತಿಗೆ ಹೋದರು. ಹೆಂಗಸರು ಚರ್ಚಿನ ಬಟ್ಟೆ ಹಾಕಿಕೊಂಡಿದ್ದರು. ಸಿದೋನಿ ಕೊನೆಯ ಸಾಲಿನಲ್ಲಿ, ಕಂಬದ ಹಿಂದೆ ಕೂತಳು. ಫುಲ್ಬೇರನಿಗೆ ತಾನು ಕಾಣಬಾರದು ಅಂತ. ಮೊದಲ ಹಾಡು ಮುಗಿದಾಗ ಪಟ್ಟಣದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳ ಹಳ್ಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯದರಲ್ಲಿ ಅವರ ಕಾಲಿಗೂ ತಾಳ ಸಿಕ್ಕಿತು. ಫುಲ್ಬೇರ್ ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ. ಅವನು ಕಣ್ಣು ಮುಚ್ಚಿ ಬಾರಿಸಿದ್ದನ್ನು ಅವಳು ಹಿಂದೆ ಯಾವತ್ತೂ ನೋಡಿರಲಿಲ್ಲ.

ಆದರೆ ಡೋಲು ಎದ್ದಮೇಲೆ ನಮ್ಮ ಜನ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಾರು? ಮೂರನೆಯ ಹಾಡಿಗೆ ಮುಂದಿನ ಸಾಲಿನ ಕುರ್ಚಿಗಳು ಪಕ್ಕಕ್ಕೆ ಸರಿದವು. ವೇದಿಕೆಯ ಕೆಳಗೆ ತಾನಾಗಿ ಒಂದು ವೃತ್ತವಾಯಿತು. ಕೂಗು ಎದ್ದಿತು.

"ಸಿದೋನಕ್ಕ ಎಲ್ಲಿ? ಸಿದೋನಕ್ಕಾ, ಬಾ."

"ಅಲ್ಲಿದ್ದಾಳೆ, ಕಂಬ ತಬ್ಬಿಕೊಂಡು ಕೂತಿದ್ದಾಳೆ ನೋಡು. ಗಂಡ ಮಾಡ್ಕೊಂಡಳೇನೋ ಅದನ್ನೇ."

ಹೆಸರು ಹಿಡಿದು ವೃತ್ತಕ್ಕೆ ಕರೆದ ಮೇಲೆ ಹೋಗದಿದ್ದರೆ ಡೋಲಿಗೆ ಅವಮಾನ. ನಾಲ್ಕು ಕೈ ಅವಳನ್ನು ಎಬ್ಬಿಸಿದವು, ಮುಂದೆ ದಾರಿ ಬಿಟ್ಟುಕೊಟ್ಟರು. ಅವಳು ನಡೆದು ಬಂದು ಮಾಕೆಯ ಎದುರು ನಿಂತಳು.

ಫುಲ್ಬೇರ್ ಕಣ್ಣು ಬಿಟ್ಟ. ಕಣ್ಣು ನೇರ ಅವಳ ಪಾದಕ್ಕೆ ಇಳಿಯಿತು. ಅವನ ಕೈ ಸ್ಯಾಕ್ಸೋಫೋನನ್ನು ನಡುದಾರಿಯಲ್ಲಿ ಬಿಟ್ಟು ಬಂತು. ಜೋಸ್ಲೆನ್ ಎಳೆದ ಸ್ವರ ಒಂಟಿಯಾಗಿ ಮೇಲೆ ಹೋಗಿ ಉತ್ತರ ಸಿಗದೆ ಇಳಿಯಿತು. ಪಿಯಾನೊದವನು ತಿರುಗಿ ನೋಡಿದ. ಬೂಲಾ ಮಾತ್ರ ನಡೆಯುತ್ತಿತ್ತು. ಫುಲ್ಬೇರನ ಅಂಗೈ ಚರ್ಮದ ಮೇಲೆ ಎತ್ತಿ ನಿಂತಿತ್ತು, ಕಾಯುತ್ತಿತ್ತು.

ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಎಷ್ಟು ತಡವಾದರೂ ಅವನು ಅಡಿಯಲ್ಲಿ ಬಂದು ಹಿಡಿಯುತ್ತಿದ್ದ, ಯಾರಿಗೂ ತಿಳಿಯುತ್ತಿರಲಿಲ್ಲ. ಊರು ಕುಣಿದಾಡುತ್ತಿತ್ತು. ಮಾರನೆಯ ದಿನ ಅವನು ಬಲೆ ಹೊಲಿಯುತ್ತಾ ಹೊಸ್ತಿಲ ಮೇಲೆ ಕೂತಿರುತ್ತಿದ್ದ. ಅವಳಿಗೆ ಆಸೆಯಾಗಲಿಲ್ಲ ಅಂತಲ್ಲ. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದೂ ಆಗಿತ್ತು.

ಅವಳು ಅದನ್ನು ಇಳಿಸಿದಳು. ಕುಣಿದು ಮುಗಿಸಿದವರು ಹೊರಹೋಗುವಾಗ ಮಾಡುವ ಹಾಗೆ ಮಾಕೆಗೆ ತಲೆಬಾಗಿದಳು. ತಿರುಗಿ ವೃತ್ತದಿಂದ ಹೊರಗೆ ನಡೆದಳು.

ಒಂದೂ ಹೆಜ್ಜೆ ಹಾಕದೆ ಡೋಲಿಗೆ ಬೀಳ್ಕೊಡುಗೆಯ ವಂದನೆ ಮಾಡಿದವರನ್ನು ಯಾರೂ ಕಂಡಿರಲಿಲ್ಲ. "ಎಂಥಾ ಗರ್ವ ನೋಡಿ" ಅಂದಳು ಅವರೂರಿನವಳೇ ಒಬ್ಬಳು, ಕೇಳಿಸಲಿ ಅಂತಲೇ. "ತಮ್ಮನ ಡೋಲಿಗೇ ಬೆನ್ನು ತೋರಿಸಿದಳು. ಹೊಸ ಸಂಗೀತ ಕಣ್ಣಿಗೆ ಚುಚ್ಚಿರಬೇಕು." ಸಿದೋನಿ ಬಾಗಿಲು ದಾಟಿ ಮೆಟ್ಟಿಲ ಮೇಲೆ ಕೂತಳು. ಒಳಗೆ ಬೂಲಾ ಒಂದೇ ಕೇಳುತ್ತಿತ್ತು. ಬಹಳ ಹೊತ್ತು ಅದೊಂದೇ. ಆಮೇಲೆ ಸ್ಯಾಕ್ಸೋಫೋನು ಮತ್ತೆ ಕೇಳಿತು, ಮಾಕೆ ಅದರ ಜೊತೆಗೆ ಹೊರಟಿತು. ಕಛೇರಿ ಮುಗಿಯುವವರೆಗೂ ಅವಳು ಅಲ್ಲೇ ಕೂತು ಕೇಳಿದಳು. ಅಳು ಬಂದದ್ದು ದುಃಖಕ್ಕೋ ಅದು ಅಷ್ಟು ಚೆನ್ನಾಗಿತ್ತು ಅನ್ನುವುದಕ್ಕೋ ಅವಳಿಗೇ ತಿಳಿಯಲಿಲ್ಲ.

ಭಾನುವಾರ ಚರ್ಚಿನ ಮುಂದೆ ಯಾರೂ ಅವಳನ್ನು ಮಾತಾಡಿಸಲಿಲ್ಲ. ಮನೆಗೆ ಬಂದು ಇಬ್ಬರೂ ಊಟಕ್ಕೆ ಕೂತರು. ಫುಲ್ಬೇರ್ ತಟ್ಟೆಯಲ್ಲಿ ಚಮಚ ಆಡಿಸುತ್ತಿದ್ದ.

"ನಾನು ಕಾಯ್ತಾ ಇದ್ದೆ ಅಕ್ಕಾ."

"ಗೊತ್ತು. ಅದಕ್ಕೇ ಹೆಜ್ಜೆ ಹಾಕಲಿಲ್ಲ."

"ಊರೆಲ್ಲ ನಿನ್ನ ಬಯ್ತಾ ಇದೆ. ನಾನು ಎಲ್ಲರಿಗೂ ನಿಜ ಹೇಳ್ತೀನಿ."

"ಏನಂತ? ನಮ್ಮಕ್ಕ ಕುಂಟಿ ಅಂತಲಾ? ಗರ್ವ ಅಂದ್ಕೊಳ್ಳಲಿ ಬಿಡು, ಅದೇ ವಾಸಿ."

ಅವನು ತಟ್ಟೆ ಸರಿಸಿದ. "ನಾನು ಪ್ಯಾರಿಸ್ಸಿಗೆ ಹೋಗಲ್ಲ. ಇಲ್ಲೇ ಇರ್ತೀನಿ, ನೀನು ಹೆಂಗೆ ಕುಣಿದ್ರೂ ಬಾರಿಸ್ತೀನಿ. ನನಗೆ ಅದೇ ಸಾಕು."

"ನನಗೆ ಸಾಲದು" ಅಂದಳು ಸಿದೋನಿ. ಅವಳ ದನಿ ಏರಲಿಲ್ಲ. "ತಿಳೀದೆ ಕುಣಿದೆ, ಚೆನ್ನಾಗಿತ್ತು. ತಿಳಿದ ಮೇಲೆ ನಿನ್ನೆದುರು ಒಂದು ಹೆಜ್ಜೆ ಹಾಕಲಾರೆ ಕಣೋ. ನಾನು ಈ ಮನೇಲಿದ್ದರೆ ನೀನು ನನ್ನ ಕಾಲೇ ನೋಡ್ತಾ ಕೂರ್ತೀಯ, ಒಲೆ ಹತ್ರ ಹೋದರೂ ನೋಡ್ತೀಯ, ಬಾವಿ ಹತ್ರ ಹೋದರೂ ನೋಡ್ತೀಯ. ಈಗಲೂ ಮೇಜಿನ ಕೆಳಗೆ ನೋಡ್ತಾ ಇದ್ದೀಯ."

ಅವನು ತಲೆ ಎತ್ತಿದ. ಕಣ್ಣು ತುಂಬಿಕೊಂಡಿತ್ತು.

"ಮರಿಗಲಾಂತಿನಲ್ಲಿ ಚಿಕ್ಕಮ್ಮನ ಮಗಳ ರೊಟ್ಟಿ ಅಂಗಡಿ ಇದೆ. ಕೈಗೆ ಆಳು ಬೇಕು ಅಂತ ಎಂದಿನಿಂದಲೋ ಕರೀತಿದ್ದಾಳೆ. ನಾನು ಹೋಗ್ತೀನಿ. ಆಮೇಲೆ ಯಾರನ್ನ ಒಂಟಿ ಬಿಟ್ಟು ಹೋಗಲ್ಲ ಅಂತೀಯೋ ನೋಡೋಣ."

"ಆಮೇಲೆ ವಾಪಸು ಬರ್ತೀಯ?"

ಸಿದೋನಿ ತಟ್ಟೆಗಳನ್ನು ಎತ್ತಿಕೊಂಡು ಹೋಗಿ ತೊಳೆಯತೊಡಗಿದಳು.

ಸೋಮವಾರವೂ ಹಬ್ಬವೇ, ಊರೆಲ್ಲ ಏಡಿ ಬೇಯಿಸಿತು, ದಂಡೆಗೆ ಹೋಯಿತು. ಅವರ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ, ಸಿಲ್ವೇರ್ ಮಾತ್ರ ಎಲೆ ಮುಚ್ಚಿದ ಒಂದು ಪಾತ್ರೆ ಬೇಲಿಯ ಮೇಲಿಟ್ಟು ಹೋದ. ಸಿದೋನಿ ಬಟ್ಟೆ ಮಡಿಸಿದಳು. ಕುಣಿಯುವ ಲಂಗವನ್ನು ಗೂಟದಲ್ಲೇ ಬಿಟ್ಟಳು. ಫುಲ್ಬೇರ್ ಸಂಜೆಯವರೆಗೆ ಹೊಸ್ತಿಲ ಮೇಲೆ ಕೂತಿದ್ದ, ಬಲೆಯನ್ನೂ ಮುಟ್ಟಲಿಲ್ಲ, ಡೋಲನ್ನೂ ಮುಟ್ಟಲಿಲ್ಲ.

ಅವನು ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ ಹೋದ. ರೆಕಾರ್ಡು ಬಂತು, ಜನ ಕೊಂಡಾಡಿದರು ಅಂತ ಕೇಳಿದ್ದೇವೆ. ಅವಳು ಅದನ್ನು ಹಾಕಿಸಿ ಕೇಳಿದಳೋ ಇಲ್ಲವೋ, ಮರಿಗಲಾಂತಿನವರೂ ಹೇಳಲಾರರು. ಪೋರ್-ಲೂಯಿಯಲ್ಲಿ ಈಗಲೂ ಕೇಳಿದರೆ ಅಕ್ಕನನ್ನು ಬಿಟ್ಟು ಹೊರಟುಹೋದವನು ಫುಲ್ಬೇರ್ ಅಂತಲೇ ಹೇಳುತ್ತಾರೆ. ಆದರೆ ಮೊದಲು ಹೋದವಳು ಸಿದೋನಿ. ಪೆಂತೆಕೋಸ್ತ ಕಳೆದ ಮಂಗಳವಾರ, ಲಪ್ವೆಂತಿನ ಬಂದರು ಕಟ್ಟೆಯಿಂದ, ಬೆಳಗಿನ ದೋಣಿಗೆ.